ಲೋಹಕ್ಕಿಂತ ನಿಧಾನವಾಗಿ ಶಾಖ ಒಯ್ಯುವ ಥರ್ಮಲ್ ಪೇಸ್ಟ್ ನಡುವೆ ಯಾಕೆ ಬೇಕು?

ಪ್ರಶ್ನೆ: ಪ್ರೊಸೆಸರ್‌ನ ಮುಚ್ಚಳವೂ ಲೋಹ, ಅದರ ಶಾಖ ಹೀರಿಕೊಳ್ಳಲು ಮೇಲೆ ಕೂರಿಸುವ ಹೀಟ್‌ಸಿಂಕೂ ಲೋಹ. ಎರಡನ್ನೂ ನೇರವಾಗಿ ಒತ್ತಿ ಕೂರಿಸಿದರೆ ಸಾಲದೇ? ಪೇಸ್ಟ್ ಬೇಕೇ ಬೇಕು ಅಂದರೆ, ಜಾಸ್ತಿ ಹಚ್ಚಿದಷ್ಟೂ ಒಳ್ಳೆಯದಲ್ವಾ?

ಉತ್ತರ: ಅಲ್ಲ. ಪೇಸ್ಟ್ ಬೇಕು, ಆದರೆ ಅದರ ಪದರ ತೆಳುವಾದಷ್ಟೂ ಒಳ್ಳೆಯದು.

ನಿಮ್ಮ ಅನುಮಾನದಲ್ಲಿ ಹುರುಳಿದೆ. ತಾಮ್ರದ ಉಷ್ಣವಾಹಕತೆ, ಅಂದರೆ ಶಾಖ ಒಯ್ಯುವ ಶಕ್ತಿ, ಮೀಟರ್-ಕೆಲ್ವಿನ್‌ಗೆ ಸುಮಾರು 400 ವ್ಯಾಟ್. ಶುದ್ಧ ಅಲ್ಯೂಮಿನಿಯಂದು 200ಕ್ಕೂ ಮೇಲೆ. ಒಳ್ಳೆಯ ಪೇಸ್ಟ್ ಅನಿಸಿಕೊಂಡದ್ದೂ 5ರಿಂದ 10ರ ಆಸುಪಾಸಿನಲ್ಲೇ ನಿಲ್ಲುತ್ತದೆ. ಇಂಥದ್ದನ್ನು ಎರಡು ಲೋಹಗಳ ನಡುವೆ ತುರುಕಿದರೆ ಶಾಖಕ್ಕೆ ಅಡ್ಡಿಯಾಗಬೇಕು.

ಆದರೆ ನಡುವೆ ಆಗಲೇ ಇನ್ನೊಂದು ವಸ್ತು ಇದೆ. ಗಾಳಿ. ಕೈಗೆ ನುಣುಪಾಗಿ ಸಿಗುವ ಲೋಹವೂ ಸೂಕ್ಷ್ಮದರ್ಶಕದಡಿ ಬರೀ ಏರುತಗ್ಗು. ಎರಡು ಮೇಲ್ಮೈಗಳನ್ನು ಒತ್ತಿದಾಗ ಅಲ್ಲೊಂದು ಇಲ್ಲೊಂದು ಉಬ್ಬು ಮಾತ್ರ ನಿಜವಾಗಿ ಮುಟ್ಟುತ್ತದೆ. ಉಳಿದ ತಗ್ಗುಗಳಲ್ಲೆಲ್ಲ ಗಾಳಿ ಕೂತಿರುತ್ತದೆ. ಅದರ ಉಷ್ಣವಾಹಕತೆ 0.026 ಅಷ್ಟೇ. ಆ ಗಾಳಿಯ ಜಾಗವನ್ನು ತುಂಬುವುದೇ ಪೇಸ್ಟಿನ ಕೆಲಸ. ಅದಕ್ಕೆ ಬೇರೆ ಕೆಲಸವೇ ಇಲ್ಲ.

ದಪ್ಪ ಯಾಕೆ ಮುಖ್ಯ ಅನ್ನುವುದಕ್ಕೆ ಒಂದು ಸಣ್ಣ ಲೆಕ್ಕ ಹಾಕೋಣ. ಚಿಪ್‌ನ ಮೇಲ್ಮೈ 1 ಚದರ ಸೆಂಟಿಮೀಟರ್, ಅದರಿಂದ ಬರುವ ಶಾಖ 50 ವ್ಯಾಟ್, ಪೇಸ್ಟಿನ ವಾಹಕತೆ 5 ಅಂತಿಟ್ಟುಕೊಳ್ಳಿ. ಪದರ 0.03 ಮಿಲಿಮೀಟರ್ ಇದ್ದರೆ ಅದರ ಎರಡು ಬದಿಗಳ ನಡುವೆ 3 ಡಿಗ್ರಿ ವ್ಯತ್ಯಾಸ ಬರುತ್ತದೆ. ಅದೇ 0.3 ಮಿಲಿಮೀಟರ್ ಆದರೆ 30 ಡಿಗ್ರಿ! ಹೀಟ್‌ಸಿಂಕ್ ಬದಲಾಗಿಲ್ಲ, ಫ್ಯಾನ್ ಬದಲಾಗಿಲ್ಲ, ಆದರೂ ಚಿಪ್ 27 ಡಿಗ್ರಿ ಹೆಚ್ಚು ಬಿಸಿ. ಇದೇ ಚಿಪ್‌ಗೆ 3 ಮಿಲಿಮೀಟರ್ ದಪ್ಪದ ತಾಮ್ರ ಅಡ್ಡ ಇಟ್ಟರೂ 4 ಡಿಗ್ರಿ ದಾಟುವುದಿಲ್ಲ.

ಹಾಗಂತ ಒಂದು ಚೂರು ಹೆಚ್ಚು ಬಿತ್ತು ಅಂತ ಗಾಬರಿ ಬೇಡ. ಮೆತ್ತನೆಯ ಪೇಸ್ಟ್ ಆದರೆ ಸ್ಕ್ರೂಗಳ ಒತ್ತಡಕ್ಕೆ ಹೆಚ್ಚಿನದು ಅಂಚಿನಿಂದ ಹೊರಗೆ ಬರುತ್ತದೆ. ಪೇಸ್ಟ್ ಗಟ್ಟಿಯಾಗಿದ್ದು, ಒತ್ತಡವೂ ಕಡಿಮೆಯಿದ್ದಾಗ ದಪ್ಪ ಪದರ ಹಾಗೇ ಉಳಿದುಬಿಡುತ್ತದೆ. ಬಟಾಣಿಯಷ್ಟು ಹಾಕಬೇಕೋ, ಗೀಟು ಎಳೆಯಬೇಕೋ ಅನ್ನುವ ಜಗಳ ಮುಗಿಯುವಂಥದ್ದಲ್ಲ. ನನ್ನನ್ನು ಕೇಳಿದರೆ, ಸ್ಕ್ರೂಗಳನ್ನು ಎದುರುಬದುರು ಮೂಲೆಯಿಂದ ಸ್ವಲ್ಪ ಸ್ವಲ್ಪವೇ ಬಿಗಿಯುವುದು ಅದಕ್ಕಿಂತ ಮುಖ್ಯ. ಒಂದು ಬದಿ ಎತ್ತರ ನಿಂತರೆ ಎಷ್ಟು ದುಬಾರಿ ಪೇಸ್ಟ್ ಇದ್ದರೂ ಉಪಯೋಗವಿಲ್ಲ.

ಮೆಮೊರಿ ಚಿಪ್‌ಗಳ ಮೇಲೆ ಮೆತ್ತನೆಯ ಥರ್ಮಲ್ ಪ್ಯಾಡ್ ಇರುವುದನ್ನು ನೋಡಿರಬಹುದು. ಅಲ್ಲಿ ಅಂತರವೇ ಅರ್ಧ, ಒಂದು ಮಿಲಿಮೀಟರ್ ಇರುತ್ತದೆ. ಪ್ಯಾಡ್ ತೆಗೆದು ಸುಮ್ನೆ ಪೇಸ್ಟ್ ಮೆತ್ತಲು ಹೋಗಬೇಡಿ, ಅದು ಮುಟ್ಟುವುದೇ ಇಲ್ಲ. ಗ್ಯಾಲಿಯಂ ಇರುವ ದ್ರವ ಲೋಹದ ಆಸೆಯೂ ಹಲವರಿಗೆ ಇರುತ್ತದೆ. ಶಾಖ ಒಯ್ಯುವುದರಲ್ಲಿ ಅದು ಪೇಸ್ಟನ್ನು ಮೀರಿಸುತ್ತದೆ, ನಿಜ. ಆದರೆ ಅಲ್ಯೂಮಿನಿಯಂ ಹೀಟ್‌ಸಿಂಕನ್ನು ತಿಂದು ಹಾಕುತ್ತದೆ. ವಿದ್ಯುತ್ತನ್ನೂ ಹರಿಸುವುದರಿಂದ ಒಂದು ಹನಿ ಬೋರ್ಡ್ ಮೇಲೆ ಬಿದ್ದರೆ ಶಾರ್ಟ್ ಸರ್ಕ್ಯೂಟ್ ಆಗಬಹುದು.

ಇನ್ನೊಂದು ಮಾತು. ಚಿಪ್ ಬಿಸಿಯಾಗಿ ತಣ್ಣಗಾಗುವಾಗ ಲೋಹಗಳು ಹಿಗ್ಗಿ ಕುಗ್ಗುತ್ತವೆ. ಆ ಅಲುಗಾಟಕ್ಕೆ ಪೇಸ್ಟ್ ನಿಧಾನವಾಗಿ ಅಂಚಿನ ಕಡೆ ಸರಿಯುತ್ತದೆ. ಮುಚ್ಚಳವಿಲ್ಲದ ಲ್ಯಾಪ್‌ಟಾಪ್ ಚಿಪ್‌ಗಳಲ್ಲಿ ಇದು ಜಾಸ್ತಿ. ಫ್ಯಾನ್ ಮತ್ತು ಹೀಟ್‌ಸಿಂಕ್ ರೆಕ್ಕೆಗಳ ಧೂಳು ತೆಗೆದ ಮೇಲೂ ಲ್ಯಾಪ್‌ಟಾಪ್ ಮೊದಲಿಗಿಂತ ಬೇಗ ಕಾಯುತ್ತಿದ್ದರೆ, ಹಳೆಯ ಪೇಸ್ಟನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಪೂರ್ತಿ ಒರೆಸಿ ಹೊಸದು ಹಚ್ಚಿ ನೋಡಿ.