ಚೀಮೇನಿಯ ಪಾರೆ, ಪೈವಳಿಕೆಯ ಪದವು

ಚೀಮೇನಿಗೆ ಅಣು ಸ್ಥಾವರ ಬರುತ್ತದಂತೆ. ಇಲ್ಲ, ಬರುವುದಿಲ್ಲವಂತೆ. 2024ರಿಂದ ಕಾಸರಗೋಡಿನಲ್ಲಿ ಈ 'ಅಂತೆ' ಓಡಾಡುತ್ತಲೇ ಇದೆ. ಆ ವರ್ಷ ಕೇರಳದಲ್ಲಿ ಅಣು ವಿದ್ಯುತ್ತಿನ ಮಾತು ಮತ್ತೆ ಎದ್ದಾಗ ಎರಡು ಹೆಸರು ಕೇಳಿಬಂದವು. ಒಂದು ತೃಶ್ಶೂರು ಜಿಲ್ಲೆಯ ಅದಿರಪ್ಪಳ್ಳಿ, ಇನ್ನೊಂದು ನಮ್ಮ ಜಿಲ್ಲೆಯ ಚೀಮೇನಿ. ಡಿಸೆಂಬರಿನಲ್ಲಿ ಕೇಂದ್ರದ ವಿದ್ಯುತ್ ಸಚಿವರು ಬಂದು, 150 ಎಕರೆ ಜಾಗ ತೋರಿಸಿದರೆ ಸ್ಥಾವರ ಕೊಡಬಹುದು ಎಂದರು.

ಇದು ಹೊಸ ಕಥೆ ಏನಲ್ಲ. ಮೊದಲು ಎರ್ನಾಕುಳಂ ಜಿಲ್ಲೆಯ ಭೂತತ್ತಾನ್‌ಕೆಟ್ಟು, 1990ರ ಹೊತ್ತಿಗೆ ಪಯ್ಯನ್ನೂರಿನ ಬಳಿಯ ಪೆರಿಂಗೋಮ್, ಎರಡೂ ಕಡೆ ಜನ ಎದ್ದು ನಿಂತರು, ಎರಡೂ ಕೈಬಿಟ್ಟುಹೋದವು. ಪೆರಿಂಗೋಮಿನಿಂದ ಚೀಮೇನಿ ಏನು ದೂರ? ಅಲ್ಲಿಗೂ ನಡುವೆ ಒಮ್ಮೆ ಕಲ್ಲಿದ್ದಲು ಸ್ಥಾವರದ ಮಾತು ಬಂತು. ಅದೂ ನಿಂತಿತು.

ಗಡಿಯ ಕನ್ನಡಿಗರಿಗೆ ಅಣು ಎಂದರೆ ಮೊದಲು ನೆನಪಾಗುವುದು ಉತ್ತರ ಕನ್ನಡದ ಕೈಗಾ ಸ್ಥಾವರ. ದಶಕಗಳ ಕಾಲ ಪುತ್ತೂರಿನಲ್ಲಿದ್ದ ಶಿವರಾಮ ಕಾರಂತರು 1989ರಲ್ಲಿ, 87ರ ವಯಸ್ಸಿನಲ್ಲಿ, ಕೈಗಾ ಬೇಡ ಎಂದು ಲೋಕಸಭೆ ಚುನಾವಣೆಗೇ ನಿಂತರು. ಸೋತರು. 1994ರ ಮೇಯಲ್ಲಿ, ಇನ್ನೂ ಇಂಧನ ತುಂಬುವ ಮೊದಲೇ, ಒಂದನೇ ಘಟಕದ ಗುಮ್ಮಟದ ಕಾಂಕ್ರೀಟು ಕಳಚಿ ಬಿತ್ತು. 2009ರಲ್ಲಿ ಕೆಲಸಗಾರರು ಕುಡಿಯುವ ನೀರಿನ ಕೂಲರಿಗೆ ಟ್ರಿಟಿಯಂ ಎಂಬ ವಿಕಿರಣಶೀಲ ವಸ್ತು ಸೇರಿ, ಐವತ್ತಕ್ಕೂ ಹೆಚ್ಚು ಜನರ ದೇಹದಲ್ಲಿ ಅದು ಕಾಣಿಸಿತು. ಹಾಗಂತ ಇನ್ನೊಂದು ಮಾತನ್ನೂ ಹೇಳಬೇಕು. ಅದೇ ಒಂದನೇ ಘಟಕ 2018ರ ಕೊನೆಗೆ ಒಂದು ದಿನವೂ ನಿಲ್ಲದೆ 962 ದಿನ ಓಡಿತು. ಆ ಕರೆಂಟಿನ ಒಂದು ಪಾಲು ಕೇರಳಕ್ಕೂ ಬರುತ್ತದೆ. ನಮ್ಮ ಮನೆಯ ಫ್ಯಾನು ತಿರುಗುವುದರಲ್ಲಿ ಕೈಗಾದ ಪಾಲೂ ಇದೆ ಅಲ್ವಾ?

ಆದರೂ ಕಾಸರಗೋಡಿನವರು 'ಅಪಾಯವಿಲ್ಲ' ಎಂಬ ಮಾತನ್ನು ಸುಲಭಕ್ಕೆ ನಂಬುವುದಿಲ್ಲ. ಎಪ್ಪತ್ತರ ದಶಕದ ಕೊನೆಯಿಂದ 2000ದವರೆಗೆ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿದಾಗಲೂ ಇದೇ ಮಾತು ಕೇಳಿದ್ದೆವು. ಎಣ್ಮಕಜೆಯ ಪಡ್ರೆಯಲ್ಲಿ ಆಮೇಲೆ ಮಕ್ಕಳಿಗೂ ದೊಡ್ಡವರಿಗೂ ಏನೇನು ಕಾಯಿಲೆ ಬಂತೆಂದು ಇಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. 2011ರಲ್ಲಿ ಸುಪ್ರೀಂ ಕೋರ್ಟು ಇಡೀ ದೇಶದಲ್ಲೇ ಆ ವಿಷವನ್ನು ನಿಲ್ಲಿಸಿತು. ಸಂತ್ರಸ್ತರಿಗೆ 5 ಲಕ್ಷ ಕೊಡಿ ಎಂಬ ಆದೇಶ ಬರುವಾಗ 2017 ಆಗಿತ್ತು.

ಹಾಗಾದರೆ ಸೂರ್ಯನೇ ಸಾಕೇ? ಇದಕ್ಕೆ ಉತ್ತರ ಹುಡುಕಲು ಮಂಜೇಶ್ವರ ತಾಲೂಕಿಗೆ ಬರಬೇಕು. ಪೈವಳಿಕೆ, ಮೀಂಜ, ಚಿಪ್ಪಾರಿನ ಪದವಿನ ಮೇಲೆ, ಅಂದರೆ ಮುರಕಲ್ಲಿನ ಬಯಲು ಗುಡ್ಡೆಯ ಮೇಲೆ (ಚೀಮೇನಿ ಕಡೆ ಅದೇ ಪಾರೆ), 250 ಎಕರೆಯಲ್ಲಿ 50 ಮೆಗಾವ್ಯಾಟಿನ ಸೌರ ಸ್ಥಾವರ ಇದೆ. 2021ರ ಫೆಬ್ರವರಿಯಲ್ಲಿ ಪ್ರಧಾನಿ ಅದನ್ನು ದೇಶಕ್ಕೆ ಅರ್ಪಿಸಿದರು. ಖರ್ಚು ಸುಮಾರು 280 ಕೋಟಿ. ಹೊಗೆ ಇಲ್ಲ, ಬೂದಿ ಇಲ್ಲ. ಸಾವಿರಾರು ವರ್ಷ ಕಾಯಬೇಕಾದ ತ್ಯಾಜ್ಯವೂ ಇಲ್ಲ. ನನಗೆ ಇದು ಕೈಗಾಕ್ಕಿಂತ ಎಷ್ಟೋ ಮೇಲು.

ಆದರೆ ಪದವು ಎಂದರೆ ಸುಮ್ನೆ ಬಿದ್ದಿರುವ ಕಲ್ಲುನೆಲ ಅಲ್ಲ. ಕಾಗದದಲ್ಲಿ ಅದು ಪಾಳು. ದನ ಮೇಯಿಸುವವರಿಗೆ ಅದೇ ಗೋಮಾಳ. ಹಿಂದೆ ಮಾಡಿಗೆ ಹೊದಿಸುತ್ತಿದ್ದ ಮುಳಿಹುಲ್ಲು ಬಂದದ್ದು ಅಲ್ಲಿಂದಲೇ. ಮಳೆಗಾಲದಲ್ಲಿ ಪಳ್ಳಗಳು ತುಂಬುತ್ತವೆ, ಪುಟ್ಟ ಪುಟ್ಟ ನೀಲಿ ಹೂ ಏಳುತ್ತದೆ. ಆ ನೀರು ಮುರಕಲ್ಲಿನೊಳಗೆ ನಿಧಾನವಾಗಿ ಇಳಿದು, ಕೆಳಗಿನ ಅಡಿಕೆ ತೋಟದ ಸುರಂಗದಲ್ಲಿ, ನೀರಿಗಾಗಿ ಗುಡ್ಡೆಗೆ ಅಡ್ಡಡ್ಡ ಕೊರೆದ ಬಾವಿಯಲ್ಲಿ, ಬೇಸಿಗೆಯವರೆಗೂ ತೊಟ್ಟಿಕ್ಕುತ್ತದೆ. ಪದವನ್ನು ಸಮತಟ್ಟು ಮಾಡಿ ಕಂಬ ನೆಟ್ಟರೆ ಆ ನೀರಿನ ದಾರಿ ಬದಲಾಗಬಹುದು. ಒಂದು ಮೆಗಾವ್ಯಾಟಿಗೆ 5 ಎಕರೆ ಎಂಬ ಲೆಕ್ಕದಲ್ಲಿ ಹೋದರೆ ಗುಡ್ಡೆಗಳೇ ಉಳಿಯುವುದಿಲ್ಲ.

ಅಣುವಿಗೆ ಜಾಗ ಕಡಿಮೆ ಸಾಕು ಎಂಬ ವಾದ ಹುಟ್ಟುವುದು ಇಲ್ಲೇ. 150 ಎಕರೆ ಕೇಳಲು ಚಿಕ್ಕದು. ಆದರೆ ದೊಡ್ಡ ರಿಯಾಕ್ಟರಿನ ಸುತ್ತ ಕನಿಷ್ಠ 1 ಕಿಲೋಮೀಟರ್ ದೂರಕ್ಕೆ ಯಾರೂ ವಾಸ ಮಾಡುವಂತಿಲ್ಲ. ಆ ವೃತ್ತವೇ ಸುಮಾರು 775 ಎಕರೆ ಆಗುತ್ತದೆ. 2011ರ ಜನಗಣತಿಯಲ್ಲೇ ಕೇರಳದ ಚದರ ಕಿಲೋಮೀಟರಿಗೆ 860 ಜನ ಇದ್ದರು. ತಂಪು ಮಾಡಲು ನೀರು ಬೇರೆ ಬೇಕು. ಜಿಲ್ಲೆಯಲ್ಲಿ 12 ಹೊಳೆ ಇವೆ ನಿಜ, ಏಪ್ರಿಲಿನಲ್ಲಿ ಹೋಗಿ ನೋಡಿ.

ಸೂರ್ಯನ ಕಡೆಯ ದೊಡ್ಡ ತೊಡಕು ಸಂಜೆ. ಕೇರಳದಲ್ಲಿ ಕರೆಂಟು ಜಾಸ್ತಿ ಬೇಕಾಗುವುದು ಸಂಜೆ 6ರ ಮೇಲೆ, ಪ್ಯಾನೆಲ್ ಮಲಗಿದ ಮೇಲೆ. ಮಳೆಗಾಲದ ಆಟಿ ತಿಂಗಳ ಮೋಡವನ್ನಾದರೂ ಸಂಭಾಳಿಸಬಹುದು, ಆಗ ಅಣೆಕಟ್ಟುಗಳಿಗೆ ನೀರು ಬರುತ್ತಿರುತ್ತದೆ. ಸಂಜೆಗೆ ಬ್ಯಾಟರಿಯೇ ಬೇಕು. ಮನೆಯ ಮಾಡಿಗೆ 3 ಕಿಲೋವ್ಯಾಟ್ ಹಾಕಿಸಿದರೆ ಕೇಂದ್ರದಿಂದ 78,000 ರೂಪಾಯಿ ಸಹಾಯಧನ ಇದೆ. ಬಿಸಿಲಿನ ದಿನ ಸುಮಾರು 12 ಯೂನಿಟ್ ಬರುತ್ತದೆ. ಹಗಲು ಗ್ರಿಡ್ಡಿಗೆ ಕೊಟ್ಟು ರಾತ್ರಿ ಅಷ್ಟೇ ವಾಪಸು ಪಡೆಯುವ ಲೆಕ್ಕದ ಮೇಲೆಯೇ ಈಗ ಜಗಳ.

ಬ್ಯಾಟರಿಯ ಮೊದಲ ದೊಡ್ಡ ಹೆಜ್ಜೆಗೂ ಕಾಸರಗೋಡೇ ಸಿಕ್ಕಿದೆ. ಮೈಲಾಟ್ಟಿಯಲ್ಲಿ 125 ಮೆಗಾವ್ಯಾಟನ್ನು 4 ಗಂಟೆ ಕೊಡಬಲ್ಲ ಬ್ಯಾಟರಿ ಕೇಂದ್ರಕ್ಕೆ 2025ರಲ್ಲಿ ಗುತ್ತಿಗೆ ಆಯಿತು. ಜಾಗ ಸಬ್‌ಸ್ಟೇಷನ್ನಿನಲ್ಲೇ ಇದೆ. ಅದಕ್ಕಾಗಿ ಯಾರೂ ಹೊಸ ಪದವು ಹುಡುಕಿಕೊಂಡು ಬರಬೇಕಾಗಿಲ್ಲ.