ಘಟನೆ, ನಂಬಿಕೆ, ಸಂಕಟ: ಎಲ್ಲಿಸ್ ಅವರ ಎ-ಬಿ-ಸಿ ಮಾದರಿ

ಮನಶ್ಶಾಸ್ತ್ರ ಓದುತ್ತಿರುವ ವಿಜಯಪುರದ ಗೆಳೆಯರಿಗಾಗಿ ಈ ಟಿಪ್ಪಣಿ. ಅಮೆರಿಕದ ಆಲ್ಬರ್ಟ್ ಎಲ್ಲಿಸ್ (1913–2007) ಮನೋವಿಶ್ಲೇಷಣೆಯನ್ನು ಬಿಟ್ಟು 1950ರ ದಶಕದ ನಡುವೆ ತಮ್ಮದೇ ಚಿಕಿತ್ಸಾ ವಿಧಾನವನ್ನು ಕಟ್ಟಿದರು. ಎ ಎಂದರೆ ಘಟನೆ, ಬಿ ಎಂದರೆ ನಂಬಿಕೆ, ಸಿ ಎಂದರೆ ಅದರಿಂದ ಹುಟ್ಟುವ ಭಾವನೆ ಮತ್ತು ವರ್ತನೆ. ಘಟನೆ ನೇರವಾಗಿ ಸಂಕಟ ತರುವುದಿಲ್ಲ, ನಡುವೆ ಬಿ ಇದೆ. ಗ್ರೀಕ್ ತತ್ವಜ್ಞಾನಿ ಎಪಿಕ್ಟೀಟಸ್ ಇದೇ ಮಾತನ್ನು ಸುಮಾರು 1,900 ವರ್ಷಗಳ ಹಿಂದೆಯೇ ಹೇಳಿದ್ದ.

ಇಷ್ಟು ಸುಲಭ. ಕಷ್ಟವಿರುವುದು ಎ ಮತ್ತು ಬಿಗಳನ್ನು ಬಿಡಿಸುವಲ್ಲಿ. ಗಾಂಧಿ ಚೌಕದಲ್ಲಿ ಗೆಳತಿ ಎದುರಾದಳು, ಮಾತನಾಡಿಸದೆ ಹೋದಳು ಎಂದುಕೊಳ್ಳಿ. ಹಾಳೆಯಲ್ಲಿ ಎ, ಬಿ, ಸಿ ಎಂದು ಮೂರು ಕಾಲಂ ಹಾಕಿ, ಎ ಕಾಲಂನಲ್ಲಿ ‘ಗೆಳತಿ ನನ್ನನ್ನು ಕಡೆಗಣಿಸಿದಳು’ ಎಂದು ಬರೆದರೆ ಅಲ್ಲಿಗೇ ಕೆಟ್ಟಿತು. ಕಡೆಗಣಿಸಿದ್ದು ನಮ್ಮ ಊಹೆ. ಅಂಗಡಿಯ ಸಿ.ಸಿ. ಕ್ಯಾಮೆರಾದಲ್ಲಿ ಏನು ದಾಖಲಾಗಿರುತ್ತದೆ? ಇಬ್ಬರು ಎದುರುಬದುರಾದರು, ಒಬ್ಬಳು ನಿಲ್ಲದೆ ನಡೆದಳು. ಎ ಕಾಲಂಗೆ ಅಷ್ಟೇ ಸಾಕು.

ಊಹೆ ಬೇರೆಯಾದ ಮೇಲೂ ಕೆಲಸ ಮುಗಿಯುವುದಿಲ್ಲ. ನನ್ನ ಪ್ರಕಾರ ಇಡೀ ಪಾಠದ ಜೀವ ಇರುವುದು ಇಲ್ಲಿ. ಎಲ್ಲಿಸ್ ಆ ಊಹೆ ಸುಳ್ಳೆಂದು ಸಾಧಿಸಲು ಹೊರಡುವುದಿಲ್ಲ. ‘ಸರಿ, ಅವಳು ಬೇಕೆಂದೇ ಕಡೆಗಣಿಸಿದಳು ಎಂದೇ ಇಟ್ಟುಕೊಳ್ಳೋಣ. ಆಮೇಲೆ?’ ಎಂದು ಕೇಳುತ್ತಾರೆ. ಆಗ ಅಡಿಯಲ್ಲಿದ್ದ ಹಟ ಮೇಲೆ ಬರುತ್ತದೆ: ‘ಅವಳು ನನ್ನನ್ನು ಗೌರವಿಸಲೇಬೇಕು, ಇಲ್ಲದಿದ್ದರೆ ನಾನು ಯಾತಕ್ಕೂ ಬಾರದವಳು.’ ಆ ‘ಲೇಬೇಕು’ ಸಿಕ್ಕಿತೆಂದರೆ ಬಿ ಸಿಕ್ಕಿತು. ಅದರ ಬೆನ್ನಿಗೇ ಮೂರು ಬರುತ್ತವೆ: ಇದು ಘೋರ, ಇದನ್ನು ತಾಳಲಾರೆ, ನಾನು ಕೆಲಸಕ್ಕೆ ಬಾರದವಳು.

ಕಾಗ್ನಿಟಿವ್ ಥೆರಪಿ ಎಂಬ ಚಿಕಿತ್ಸೆಯನ್ನು ಕಟ್ಟಿದ ಅಮೆರಿಕದ ಮನೋವೈದ್ಯ ಆರನ್ ಬೆಕ್ (1921–2021) ಅವರ ದಾರಿ ಬೇರೆ. ಅವರು ಊಹೆಗೆ ಸಾಕ್ಷ್ಯ ಕೇಳುತ್ತಾರೆ. ಪರೀಕ್ಷೆಯಲ್ಲಿ ಇಬ್ಬರ ವ್ಯತ್ಯಾಸ ಬರೆಯಿರಿ ಎಂದರೆ ಇದನ್ನೇ ಬರೆಯಿರಿ.

ಹಾಗಾದರೆ ನಷ್ಟ ನಿಜವಾಗಿಯೇ ಆಗಿದ್ದರೆ? ತಿಕೋಟಾ ಕಡೆಯ ರೈತರೊಬ್ಬರನ್ನು ನೆನೆಯಿರಿ. ಶೆಡ್ಡಿನ ಬಲೆಗಳ ಮೇಲೆ ದ್ರಾಕ್ಷಿ ಅರ್ಧ ಒಣಗಿದೆ, ಅಕಾಲಿಕ ಮಳೆ ಬಂತು, ಕಾಯಿ ಕಪ್ಪಾಯಿತು. ಒಳ್ಳೆಯ ದರ ಇನ್ನು ಸಿಗದು, ಸಾಲ ಹಾಗೆಯೇ ಇದೆ. ಇವರ ಮುಂದೆ ನಿಂತು ‘ಎಲ್ಲವೂ ನಿಮ್ಮ ಮನಸ್ಸಿನಲ್ಲಿದೆ’ ಎನ್ನುವುದು ಕ್ರೌರ್ಯ, ಎಲ್ಲಿಸ್ ಹೇಳಿದ್ದೂ ಅದಲ್ಲ. ಅವರು ನೋವನ್ನು ಎರಡಾಗಿ ನೋಡುತ್ತಾರೆ. ‘ಬೆಳೆ ಉಳಿಯಬೇಕಿತ್ತು, ಉಳಿಯಲಿಲ್ಲ, ತುಂಬಾ ನಷ್ಟವಾಯಿತು’ ಎಂಬುದರಿಂದ ದುಃಖ ಬರುತ್ತದೆ. ಅದು ಆರೋಗ್ಯಕರ, ಅದನ್ನು ಅಳಿಸುವ ಅಗತ್ಯವಿಲ್ಲ. ‘ಹೀಗೆ ಆಗಲೇಬಾರದಿತ್ತು, ಮನೆ ನಡೆಸಲಾಗದ ನಾನು ಬದುಕಲು ಲಾಯಕ್ಕಲ್ಲ’ ಎಂಬುದು ಖಿನ್ನತೆಗೆ ತಳ್ಳುತ್ತದೆ. ಮೊದಲನೆಯ ಸ್ಥಿತಿಯಲ್ಲಿರುವವರು ಅಳುತ್ತಲೇ ಬ್ಯಾಂಕಿಗೆ ಹೋಗಿ ಕಂತಿನ ಮಾತನಾಡಬಲ್ಲರು. ಎರಡನೆಯದರಲ್ಲಿ ಸಿಲುಕಿದವರು ಫೋನ್ ಕೂಡ ಎತ್ತುವುದಿಲ್ಲ. ಅಂಥವರು ಕಂಡರೆ ಕಾಲಂ ತುಂಬಿಸಲು ಕೂರಬೇಡಿ, ಜೊತೆಗಿರಿ, 14416 ಟೆಲಿ ಮಾನಸ್ ಸಹಾಯವಾಣಿಗೆ ಕರೆ ಮಾಡಿಸಿ.

ಎ-ಬಿ-ಸಿ ಆದ ಮೇಲೆ ಇನ್ನೆರಡು ಅಕ್ಷರಗಳಿವೆ: ಡಿ ಎಂದರೆ ‘ಲೇಬೇಕು’ ಎಂಬ ಆ ಹಟವನ್ನು ಪ್ರಶ್ನಿಸುವುದು, ಇ ಎಂದರೆ ಅದರ ಫಲವಾಗಿ ಬರುವ ಹೊಸ ನಿಲುವು.

ಅಭ್ಯಾಸ ಮಾಡುವಾಗ ಅಕ್ಷರಗಳ ಕ್ರಮ ಬಿಡಿ. ಮೊದಲು ಸಿ ಬರೆಯಿರಿ, ಏಕೆಂದರೆ ಎದೆ ಹಿಂಡಿದ್ದು ಮೊದಲು ತಿಳಿಯುತ್ತದೆ. ಆಮೇಲೆ ಎ. ಬಿಯನ್ನು ಕೊನೆಗೆ ಹುಡುಕಿ.