ಪದ ಪರಿಚಯ: ಬೀಟಾ, ಅಂದರೆ ದೋರೆಗಾಯಿ

ಕಳೆದ ಮಳೆಗಾಲದಲ್ಲಿ ಹೊಸ ಫೋನಿಗೆ ಟೆಂಪರ್ಡ್ ಗ್ಲಾಸ್ ಹಾಕಿಸಲು ಮಂಗಳೂರಿನ ಹಂಪನಕಟ್ಟೆಯ ಒಂದು ಅಂಗಡಿಗೆ ಹೋಗಿದ್ದೆ. ಹುಡುಗ ಫೋನನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ. "ಇದಕ್ಕೆ ಗ್ಲಾಸ್ ಇನ್ನೂ ಬರ್ಲಿಲ್ಲ ಸರ್. ಕವರ್ ಸಹ ಇಲ್ಲ. ನಿಮಗೆ ಇಷ್ಟು ಬೇಗ ಎಲ್ಲಿ ಸಿಕ್ತು?" ಎಂದ. ಗ್ಲಾಸ್ ಸಿಗದ ಬೇಸರಕ್ಕಿಂತ ಆ ಪ್ರಶ್ನೆ ಕೊಟ್ಟ ಖುಷಿಯೇ ಜಾಸ್ತಿ. ಮೊದಲ ದಿನವೇ ಬುಕ್ ಮಾಡಿದ್ದೆ ಅಲ್ವಾ! ನಾನು ಕೊಂಡದ್ದು ಹಣ್ಣಲ್ಲ ಅಂತ ಗೊತ್ತಾದದ್ದು ಆಮೇಲೆ.

ಈಗ ಪದಕ್ಕೆ ಬರೋಣ. ಬೀಟಾ ಎಂದರೆ ಗ್ರೀಕ್ ಅಕ್ಷರಮಾಲೆಯ ಎರಡನೇ ಅಕ್ಷರ. ಮೊದಲನೆಯದು ಆಲ್ಫಾ. ಸಾಫ್ಟ್‌ವೇರ್ ಮಾಡುವವರು ತಮ್ಮೊಳಗೇ ಬಳಸಿ, ಬೈದು, ತಿದ್ದುವ ಹಂತಕ್ಕೆ ಆಲ್ಫಾ ಎನ್ನುತ್ತಾರೆ. ಆಮೇಲೆ ಹೊರಗಿನವರ ಕೈಗೆ ಕೊಟ್ಟು, "ಬಳಸಿ ನೋಡಿ, ತಪ್ಪು ಕಂಡರೆ ಹೇಳಿ" ಎನ್ನುವ ಹಂತ ಬೀಟಾ. "ಪ್ರಾಯೋಗಿಕ ಆವೃತ್ತಿ" ಎಂದು ಕನ್ನಡದಲ್ಲಿ ಬರೆಯುವುದುಂಟು. ತಪ್ಪೇನಿಲ್ಲ, ಆದರೆ ಅದರಲ್ಲಿ ಹುಳಿ ಗೊತ್ತಾಗುವುದಿಲ್ಲ. ನಮ್ಮಲ್ಲಿ ಇದಕ್ಕೆ ಪದಗಳು ಮರದಲ್ಲೇ ತೂಗುತ್ತಿವೆ: ಹೀಚು, ಕಾಯಿ, ದೋರೆಗಾಯಿ, ಹಣ್ಣು. ಬೀಟಾ ಎಂದರೆ ದೋರೆಗಾಯಿ. ಬಣ್ಣ ಬಂದಿದೆ, ಪರಿಮಳವೂ ಸ್ವಲ್ಪ ಬಂದಿದೆ, ಕಚ್ಚಿದರೆ ಮಾತ್ರ ಹಲ್ಲು ಚುಳ್ ಎನ್ನುತ್ತದೆ.

ದೋರೆಗಾಯಿ ಇಷ್ಟಪಡುವವರೂ ಇದ್ದಾರೆ. ಉಪ್ಪು, ಮೆಣಸಿನ ಪುಡಿ ಕೈಯಲ್ಲಿ ಹಿಡಿದುಕೊಂಡೇ ಮರದ ಬುಡಕ್ಕೆ ಹೋಗುವವರು. ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್ಮಿನಲ್ಲಿ ನಡೆಯುವ ಪೈನ್‌ಫೋನ್ ಎಂಬ ಫೋನಿನ ಮೊದಲ ಕಂತು ಅಂಥವರಿಗಾಗಿಯೇ ಬಂತು. 2020ರ ಜನವರಿಯಲ್ಲಿ ಕೊಂಡವರ ಕೈ ಸೇರತೊಡಗಿದ ಆ ಕಂತಿಗೆ ಇಟ್ಟ ಹೆಸರು 'ಬ್ರೇವ್‌ಹಾರ್ಟ್'. ಗುಂಡಿಗೆ ಗಟ್ಟಿ ಇದ್ದವರು ಮಾತ್ರ ಬನ್ನಿ ಎಂದ ಹಾಗೆ. ಬೆಲೆ ಸುಮಾರು 150 ಡಾಲರ್. ದಿನಬಳಕೆಯ ಆಪರೇಟಿಂಗ್ ಸಿಸ್ಟಮ್ಮೇ ಅದರಲ್ಲಿ ಇರಲಿಲ್ಲ. ಬಿಡಿಭಾಗಗಳು ಸರಿ ಉಂಟೋ ಇಲ್ಲವೋ ನೋಡುವ ಪರೀಕ್ಷೆಯ ಸಾಫ್ಟ್‌ವೇರ್ ಮಾತ್ರ ಇತ್ತು. ಉಳಿದದ್ದನ್ನು ಕೊಂಡವರೇ ಹಾಕಿಕೊಳ್ಳಬೇಕು. ಕಂಪನಿ ಇದನ್ನು ಮೊದಲೇ ಹೇಳಿತ್ತು. ದೋರೆಗಾಯಿಯನ್ನು ದೋರೆಗಾಯಿ ಎಂದೇ ಮಾರಿದರೆ ನನಗೆ ತಕರಾರಿಲ್ಲ.

ಆ ಫೋನಿನಲ್ಲೇ ಇನ್ನೊಂದು ಪಾಠವೂ ಉಂಟು. ಮಾವಿನಕಾಯಿ ಬಲಿತಿದ್ದರೆ ಬೈಹುಲ್ಲಿನಲ್ಲಿ ಮುಚ್ಚಿಟ್ಟರೂ ಹಣ್ಣಾಗುತ್ತದೆ. ಹೀಚನ್ನು ಕೊಯ್ದು ಎಷ್ಟು ಹುಲ್ಲು ಮುಚ್ಚಿದರೂ ಮುರುಟುತ್ತದೆ ಅಷ್ಟೇ. ಫೋನಿನ ಸಾಫ್ಟ್‌ವೇರ್ ತಪ್ಪುಗಳು ಬಲಿತ ಕಾಯಿಯ ಹಾಗೆ. ಅಪ್‌ಡೇಟ್ ಬಂದ ಹಾಗೆ ಕೈಯಲ್ಲೇ ಮಾಗುತ್ತವೆ. ಹಾರ್ಡ್‌ವೇರ್ ತಪ್ಪು ಹೀಚು. ಪೈನ್‌ಫೋನಿನ ಯುಎಸ್‌ಬಿ-ಸಿ ಕಿಂಡಿಯ ಮೂಲಕ ಮಾನಿಟರಿಗೆ ಜೋಡಿಸುವ ಸೌಲಭ್ಯ ಆರಂಭದ ಕಂತುಗಳಲ್ಲಿ ಸರಿಯಾಗಿ ನಡೆಯಲಿಲ್ಲ. ತಪ್ಪು ಇದ್ದದ್ದು ಒಳಗಿನ ಬೋರ್ಡಿನಲ್ಲಿ. ಅದಕ್ಕೆ ಬೆಸುಗೆ ಹಾಕಬೇಕು, ಇಲ್ಲವೇ ಬೋರ್ಡನ್ನೇ ಬದಲಿಸಬೇಕು.

ದೊಡ್ಡ ಕಂಪನಿಗಳ ಫೋನಿನ ಪೆಟ್ಟಿಗೆಯ ಮೇಲೆ ಬೀಟಾ ಎಂದು ಯಾರೂ ಅಚ್ಚು ಹಾಕುವುದಿಲ್ಲ. ಸ್ಯಾಮ್‌ಸಂಗ್‌ನ ಮೊದಲ ಮಡಚುವ ಫೋನು ಗ್ಯಾಲಕ್ಸಿ ಫೋಲ್ಡ್ 2019ರ ಏಪ್ರಿಲ್‌ನಲ್ಲಿ 1,980 ಡಾಲರ್ ಬೆಲೆಗೆ ಬರಬೇಕಿತ್ತು. ವಿಮರ್ಶೆಗೆಂದು ಮೊದಲೇ ಪಡೆದವರಲ್ಲಿ ಕೆಲವರ ಪರದೆ ಕೆಲವೇ ದಿನಗಳಲ್ಲಿ ಕೆಟ್ಟಿತು. ಮೇಲಿದ್ದ ರಕ್ಷಣೆಯ ಪದರವನ್ನು ಕೆಲವರು ಸ್ಟಿಕ್ಕರ್ ಎಂದುಕೊಂಡು ಕಿತ್ತೇ ಬಿಟ್ಟರು. ಹೊಸ ಫೋನಿನ ಮೇಲಿನ ಪ್ಲಾಸ್ಟಿಕ್ ಕೀಳದೆ ಇರಲು ಯಾರಿಗೆ ಆಗ್ತದೆ, ಹೇಳಿ? ಕಂಪನಿ ಮಾರಾಟವನ್ನು ಮುಂದೂಡಿತು. ಪದರದ ಅಂಚು ಕೈಗೆ ಸಿಗದ ಹಾಗೆ ಚೌಕಟ್ಟಿನ ಅಡಿಗೆ ಸೇರಿಸಿ, ಮಡಚುವ ಜಾಗದ ಹಿಂಜಿಗೂ ಬಲ ಕೊಟ್ಟು, ಸೆಪ್ಟೆಂಬರ್‌ನಲ್ಲಿ ಅಂಗಡಿಗೆ ತಂದಿತು.

ಹಾಗಿದ್ದರೂ ಮೊದಲು ಕೊಳ್ಳುವ ಆಸೆ ಬಿಡುವುದಿಲ್ಲ. ನಮ್ಮ ಕರಾವಳಿಯಲ್ಲಂತೂ ಗಲ್ಫಿನಿಂದ ರಜೆಗೆ ಬರುವ ಬಾವನೋ ಚಿಕ್ಕಪ್ಪನೋ ಇರುತ್ತಾರೆ. ಇಲ್ಲಿ ಇನ್ನೂ ಬಿಡುಗಡೆಯಾಗದ ಮಾಡೆಲ್ ಬಜಪೆಯಲ್ಲಿ ವಿಮಾನ ಇಳಿಯುತ್ತದೆ. ಅದರ ವಾರಂಟಿ ಇಲ್ಲಿ ನಡೆಯುತ್ತದೋ ಇಲ್ಲವೋ ಎಂದು ಆ ಹೊತ್ತಿನಲ್ಲಿ ಯಾರೂ ಕೇಳುವುದಿಲ್ಲ. ಎಷ್ಟೋ ಕಂಪನಿಗಳಲ್ಲಿ ವಾರಂಟಿ ಕೊಂಡ ದೇಶಕ್ಕೆ ಮಾತ್ರ.

ಬೆಲೆಯ ಹುಳಿಯೂ ಇದೆ. 2007ರ ಜೂನ್ ಕೊನೆಗೆ ಅಮೆರಿಕದಲ್ಲಿ ಮೊದಲ ಐಫೋನ್ ಬಂದಾಗ 8 ಜಿಬಿಯದ್ದಕ್ಕೆ 599 ಡಾಲರ್. ಸೆಪ್ಟೆಂಬರ್ ಮೊದಲ ವಾರ ಅದನ್ನೇ 399ಕ್ಕೆ ಇಳಿಸಿದರು. ಸಾಲು ನಿಂತು ಕೊಂಡವರು ಸಿಟ್ಟಾದ ಮೇಲೆ, ಆಪಲ್ ಅಂಗಡಿಯಲ್ಲೇ ಖರ್ಚು ಮಾಡುವ ಹಾಗೆ 100 ಡಾಲರ್ ಕೊಟ್ಟು ಸಮಾಧಾನ ಮಾಡಿದರು. ಅಷ್ಟು ಕೊಟ್ಟ ಆ ಫೋನಿನಲ್ಲಿ ಕಾಪಿ, ಪೇಸ್ಟ್ ಬಂದದ್ದು 2009ರಲ್ಲಿ.

ನನ್ನ ಫೋನಿಗೆ ಎರಡು ರೋಗ ಇತ್ತು. ಕ್ಯಾಮೆರಾ ನಡುನಡುವೆ ನಿಂತುಹೋಗುತ್ತಿತ್ತು. ಎರಡನೆಯದು, ಕಿವಿಗೆ ಹಿಡಿದಾಗ ಪರದೆ ಆರುತ್ತಿರಲಿಲ್ಲ. ಕೆನ್ನೆ ತಾಗಿ ಕಾಲ್ ಕಟ್. ಊರಿನಿಂದ ಅಮ್ಮ ಮತ್ತೆ ಫೋನ್ ಮಾಡಿ, "ಎಂತ ಮಾರಾಯಾ, ಮಾತಾಡುವಾಗಲೇ ಇಡುದಾ?" ಎಂದು ಜೋರು ಮಾಡುತ್ತಿದ್ದರು. ಸರ್ವಿಸ್ ಸೆಂಟರಿನಲ್ಲಿ ಟೋಕನ್ ಹಿಡಿದು ಕೂತು ಕೇಳಿದರೆ, "ಮುಂದಿನ ಅಪ್‌ಡೇಟ್‌ನಲ್ಲಿ ಸರಿಯಾಗ್ತದೆ ಸರ್." ಮೂರು ಅಪ್‌ಡೇಟ್ ಬಂದವು. ಕ್ಯಾಮೆರಾ ಸರಿಯಾಯಿತು. ಕೆನ್ನೆಯ ಕಥೆ ಹಾಗೇ ಉಳಿಯಿತು.

ಹಳೆ ಫೋನ್ ಕೊಳ್ಳುವವರಿಗೆ ಒಂದು ಮಾತು. ಪ್ರದರ್ಶನಕ್ಕೆ ಇಟ್ಟ, ಪರೀಕ್ಷೆಗೆ ಕಟ್ಟಿದ ಫೋನುಗಳೂ ಕೆಲವೊಮ್ಮೆ ಸೆಕೆಂಡ್ ಹ್ಯಾಂಡ್ ಆಗಿ ಕೈ ದಾಟುತ್ತವೆ. ಅವು ಅಪ್ಪಟ ಹೀಚು. ಸುಮ್ನೆ ಅರ್ಧ ನಿಮಿಷ ಖರ್ಚು ಮಾಡಿ. *#06# ಒತ್ತಿದರೆ ಫೋನಿನ ಗುರುತಿನ ಸಂಖ್ಯೆ, ಅಂದರೆ 15 ಅಂಕಿಯ ಐಎಂಇಐ ಬರುತ್ತದೆ. ಇಂಗ್ಲಿಷಿನಲ್ಲಿ ಕೆವೈಎಂ ಎಂದು ಟೈಪಿಸಿ, ಜಾಗ ಬಿಟ್ಟು ಆ ಸಂಖ್ಯೆ ಹಾಕಿ 14422ಕ್ಕೆ ಮೆಸೇಜ್ ಕಳಿಸಿದರೆ ಅದು ಯಾವ ಫೋನು ಎಂದು ಉತ್ತರ ಬರುತ್ತದೆ. ಕೈಯಲ್ಲಿರುವ ಫೋನಿಗೂ ಬಂದ ಉತ್ತರಕ್ಕೂ ತಾಳೆ ಆಗದಿದ್ದರೆ ಅಲ್ಲೇ ಬಿಟ್ಟು ಬನ್ನಿ.

ಎರಡು ತಿಂಗಳ ಬಳಿಕ ಮತ್ತೆ ಅದೇ ಅಂಗಡಿಗೆ ಹೋದೆ. ಗ್ಲಾಸ್ ಬಂದಿತ್ತು, ಕವರ್ ನಾಲ್ಕು ಬಣ್ಣದಲ್ಲಿ ನೇತಾಡುತ್ತಿತ್ತು. ಫೋನಿನ ಬೆಲೆಯೂ ಮೂರು ಸಾವಿರ ಇಳಿದಿತ್ತು. ಹುಡುಗನಿಗೆ ಕೆನ್ನೆಯ ಕಥೆ ಹೇಳಿದೆ. ಅವನು ಗ್ಲಾಸಿನ ಅಡಿಯ ಗಾಳಿಗುಳ್ಳೆಯನ್ನು ಉಗುರಿನಿಂದ ಅಂಚಿಗೆ ತಳ್ಳುತ್ತಾ, "ಈಗ ಬರುವ ಲಾಟಿನಲ್ಲಿ ಆ ಪ್ರಾಬ್ಲಮ್ ಇಲ್ಲ ಸರ್" ಎಂದ. ಅಮ್ಮನ ಹತ್ತಿರ ನಾನೀಗ ಸ್ಪೀಕರ್ ಹಾಕಿಯೇ ಮಾತಾಡುವುದು.